ಪುಸ್ತಕ ಓದಿ ಚೆಂಡು ಹೊಡೆದದ್ದು

ಕೆಲವರು ಮುಳ್ಳು ತುಳಿಯುತ್ತಾರೆ. ನನ್ನ ವಿಷಯದಲ್ಲಿ ಮುಳ್ಳೇ ವಿಳಾಸ ಕೇಳಿಕೊಂಡು ಮನೆಗೆ ಬರುತ್ತದೆ. ನಾನು ಯಾರ ತಂಟೆಗೂ ಹೋಗುವವನಲ್ಲ. ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ಚಾಮರಾಜನಗರದ ಸರ್ವೆ ಕಚೇರಿಗೆ ಹೋಗುತ್ತೇನೆ, ರೈತರ ಹೊಲ ಅಳೆಯುತ್ತೇನೆ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು ಬರುತ್ತೇನೆ. ಇಷ್ಟು ನೆಟ್ಟಗಿನ ಬದುಕಿನಲ್ಲೂ ಜನ ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ಕಳೆದ ವರ್ಷ ಆದದ್ದೆಲ್ಲ ಒಂದೇ ಒಂದು ಪುಸ್ತಕದ ದೆಸೆಯಿಂದ.

೧. ಕಲಿಸಿದವನೇ ಸೋತ

ನಮ್ಮೂರಿನ ಊಟಿ ರಸ್ತೆಯಲ್ಲಿ ಒಂದು ಗೊಬ್ಬರದ ಅಂಗಡಿ ಇದೆ. ಅದರ ಯಜಮಾನರು, ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ಹಳೆಯ ಪೂಲ್ ಟೇಬಲ್ ಒಂದನ್ನು ತಂದು ಅಂಗಡಿಯ ಹಿಂದಿನ ಗೋಡೌನಿನಲ್ಲಿ ಹಾಕಿಸಿದರು. ಹಸಿರು ಬಟ್ಟೆ ಹೊದ್ದ ಮೇಜು, ಸುತ್ತ ಆರು ಪಾಕೆಟ್ಟು, ಮೇಲೆ ಹದಿನೈದು ಬಣ್ಣದ ಚೆಂಡು. ಅವನ್ನು ಗುದ್ದುವುದಕ್ಕೆ ಒಂದು ಬಿಳಿ ಚೆಂಡು, ಬಿಳಿ ಚೆಂಡನ್ನು ಗುದ್ದುವುದಕ್ಕೆ ಒಂದು ಕೋಲು. ಒಂದು ಗೋಡೆಗೆ ಯೂರಿಯಾ ಮೂಟೆ, ಇನ್ನೊಂದು ಗೋಡೆಗೆ ಬೇವಿನ ಹಿಂಡಿ, ನಡುವೆ ಭಾನುವಾರದ ನಾವು.

ಹತ್ತು ಎಕರೆ ಹೊಲದ ಮೂಲೆಯನ್ನು ನಾನು ಅಂಗುಲ ತಪ್ಪದೆ ಹಿಡಿಯಬಲ್ಲೆ. ಆದರೆ ಒಂದು ಅಡಿ ದೂರದ ಪಾಕೆಟ್ಟಿಗೆ ಚೆಂಡು ಕಳಿಸು ಅಂದರೆ ಕೈಯಲ್ಲಿ ಆಗುವುದಿಲ್ಲ. ಹೀಗಿರುವಾಗ ಮೈಸೂರಿನ ಹಳೇ ಪುಸ್ತಕದ ರಾಶಿಯಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಇದೇ ಮೇಜಿನ ಮೇಲೆ ಆಡುವ ಬೇರೆಯೇ ಒಂದು ಆಟ ಅದರಲ್ಲಿತ್ತು. ಗುರಿಗಿಂತ ಬುದ್ಧಿ ಮುಖ್ಯ ಎಂದು ಮೊದಲ ಪುಟದಲ್ಲೇ ಬರೆದಿತ್ತು. ನನಗೆ ಅಷ್ಟು ಸಾಕಾಯಿತು.

ಆಟ ಹೀಗೆ. ಮೇಜಿನ ಒಂದು ತುದಿಯ ಎರಡು ಮೂಲೆಗಳಲ್ಲಿ ಒಂದು ನನ್ನದು, ಇನ್ನೊಂದು ಎದುರಾಳಿಯದು. ಉಳಿದ ನಾಲ್ಕು ಪಾಕೆಟ್ಟು ಯಾರಿಗೂ ಇಲ್ಲ. ಯಾರೇ ಹೊಡೆಯಲಿ, ನನ್ನ ಮೂಲೆಗೆ ಬಿದ್ದ ಚೆಂಡು ನನ್ನದು, ಅವನ ಮೂಲೆಗೆ ಬಿದ್ದದ್ದು ಅವನದು. ಮೊದಲು ಎಂಟು ಚೆಂಡು ಕೂಡಿಸಿದವನು ಗೆದ್ದ. ಬಿಳಿ ಚೆಂಡನ್ನೇ ಪಾಕೆಟ್ಟಿಗೆ ಬೀಳಿಸಿದರೆ ಅದು ತಪ್ಪು. ಅದಕ್ಕೆ ದಂಡವಾಗಿ, ಕೂಡಿಸಿಟ್ಟುಕೊಂಡದ್ದರಲ್ಲಿ ಒಂದು ಚೆಂಡನ್ನು ಮತ್ತೆ ಮೇಜಿನ ಮೇಲೆ ಇಡಬೇಕು. ಹಾಗಾಗಿ ಇದರಲ್ಲಿ ಹೊಡೆಯುವುದು ಕಡಿಮೆ, ಎದುರಾಳಿಗೆ ಹೊಡೆಯಲು ಬಿಡದಿರುವುದೇ ಹೆಚ್ಚು.

ಪುಸ್ತಕ ಓದಿ ಗೋಡೌನಿನವರಿಗೆಲ್ಲ ನಾನೇ ಕಲಿಸಿದೆ. ಒಂದು ತಿಂಗಳೊಳಗೆ ಅವರೆಲ್ಲ ಕಲಿತರು. ಎರಡನೇ ತಿಂಗಳಿಂದ ಎಲ್ಲರೂ ನನ್ನನ್ನು ಸೋಲಿಸತೊಡಗಿದರು. ಗೊಬ್ಬರದ ಯಜಮಾನರಂತೂ ಪ್ರತಿ ಸಲ ಗೆದ್ದ ಮೇಲೆ ನನ್ನ ಕಾಲು ಮುಟ್ಟಿ, "ಎಲ್ಲಾ ತಮ್ಮ ಆಶೀರ್ವಾದ ಸಾರ್" ಅನ್ನುತ್ತಿದ್ದರು.

ಮನೆಯಲ್ಲಿ ಹೆಂಡತಿ ಆರು ತಿಂಗಳು ನೋಡಿದಳು. ಅವಳ ತವರು ಹರವೆ. ಭಾನುವಾರ ಅಲ್ಲಿಗೆ ಹೋಗೋಣ ಎಂಬುದು ಅವಳ ಆಸೆ, ಹೋಗದಿರೋಣ ಎಂಬುದು ನನ್ನ ಆಸೆ. ಕಾರಣ ಮಾವ. ಅಳಿಯ ಸರ್ವೆಯವನು ಎಂಬ ಹೆಮ್ಮೆ ಅವರಿಗೆ ಜಾಸ್ತಿ. ನಾನು ಬಸ್ಸಿಳಿಯುವ ಹೊತ್ತಿಗೆ ಟೇಪು ಹಿಡಿದು ನಿಂತಿರುತ್ತಾರೆ. ಅವರ ಬಾಳೆ ತೋಟ, ಅವರ ಅಣ್ಣನ ಹೊಲ, ಪಕ್ಕದ ಮನೆಯವರ ಹಿತ್ತಿಲು, ಹೀಗೆ ಊಟದ ಹೊತ್ತಿಗೆ ಅರ್ಧ ಊರು ಅಳೆದಿರುತ್ತೇನೆ.

ಕೊನೆಗೆ ಒಂದು ದಿನ ಹೆಂಡತಿ ಖಡಾಖಂಡಿತವಾಗಿ ಹೇಳಿದಳು. "ಯುಗಾದಿವರೆಗೂ ಟೈಮ್ ಕೊಡ್ತೀನಿ. ಅಷ್ಟರಲ್ಲಿ ಒಂದೇ ಒಂದು ಆಟ ಗೆದ್ರೆ ಭಾನುವಾರ ನಿಮ್ದು, ನಾನು ಉಸಿರೆತ್ತಲ್ಲ. ಗೆಲ್ಲದಿದ್ರೆ ಪುಸ್ತಕ ಹಂಡೆ ಒಲೆಗೆ, ನೀವು ಹರವೆಗೆ."

"ಒಂದು ಆಟ ತಾನೆ? ಮುಂದಿನ ವಾರವೇ ಗೆಲ್ತೀನಿ" ಅಂದೆ.

"ಅದಕ್ಕೇ ಯುಗಾದಿವರೆಗೂ ಕೊಟ್ಟಿರೋದು" ಅಂದಳು.

೨. ಆರು ಬೋರ್‌ವೆಲ್ಲು

ಬಸ್ಸಿನಲ್ಲಿ ಹೋಗುವಾಗ ಬರುವಾಗ ಪುಸ್ತಕ ಓದುವುದು, ಓದಿದ್ದನ್ನು ಕಾಗದದ ಮೇಲೆ ಬರೆದು ನೋಡುವುದು ರೂಢಿಯಾಯಿತು. ಒಂದು ಆಯತ ಬರೆದು, ಸುತ್ತ ಆರು ಪಾಕೆಟ್ಟಿಗೆ ಆರು ಕಪ್ಪು ಚುಕ್ಕೆ ಇಟ್ಟು, ಒಳಗೆ ಹದಿನೈದು ಸುತ್ತು ಹಾಕಿ, ಚೆಂಡು ಹೋಗುವ ದಾರಿಗೆ ಗೀಟು ಎಳೆಯುತ್ತಿದ್ದೆ. ಅಂಥದೊಂದು ಕಾಗದ ಹೇಗೋ ಕಚೇರಿಯ ಒಂದು ಫೈಲಿನೊಳಗೆ ಸೇರಿಕೊಂಡುಬಿಟ್ಟಿತು.

ಆ ಫೈಲು ಸಂತೆಮರಹಳ್ಳಿ ಕಡೆಯ ಅಣ್ಣತಮ್ಮಂದಿರದು. ಜಮೀನು ಭಾಗ ಮಾಡಿಕೊಳ್ಳಲಾಗದೆ ಒಬ್ಬರ ಮುಖ ಒಬ್ಬರು ನೋಡದೆ ಎಷ್ಟೋ ವರ್ಷವಾಗಿತ್ತು. ನಕ್ಷೆ ತೋರಿಸುತ್ತೇನೆಂದು ಇಬ್ಬರನ್ನೂ ಕರೆಸಿದ್ದೆ. ನಾನು ಪಕ್ಕದ ಕೋಣೆಗೆ ಹೋಗಿ ಬರುವಷ್ಟರಲ್ಲಿ ಫೈಲು ತೆರೆದು ಇಬ್ಬರೂ ಬಗ್ಗಿ ನೋಡುತ್ತಿದ್ದರು.

ಅಣ್ಣನ ಮುಖ ಕೆಂಪಾಗಿತ್ತು. "ಇದ್ಯಾವ ನ್ಯಾಯ ಸಾ? ಹದ್ನೈದು ತೆಂಗಿನ ಮರಾನೂ ಇವನ ಮೂಲೆಗೇ ಬರ್ದುಬುಟ್ಟಿದೀರಲ್ಲ! ನಾನೇನ್ ಗಾಳಿ ಕುಡ್ಕೊಂಡ್ ಇರ್ಲಾ?"

ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಕಾಗದಕ್ಕೆ ಕೈ ಚಾಚಿದೆ. ಅಣ್ಣ ಬಿಡಲಿಲ್ಲ. "ಈ ಗೀಟು ಯಾವ್ದು? ನನ್ ಹೊಲದ ನಡೂಮಧ್ಯೆ ಇವನ ಗಾಡಿಗೆ ದಾರಿಯಾ? ಓಗ್ಲಿ, ಸುತ್ತಾ ಆರು ಬೋರ್‌ವೆಲ್ ಕೊರ್ಸವ್ನೆ, ನಂಗೊಂದು ಮಾತೂ ಏಳಿಲ್ಲ. ಯಾವಾಗ್ಲಾ ಕೊರ್ಸ್ದೆ?"

ತಮ್ಮ ಆ ಆರು ಚುಕ್ಕೆಗಳನ್ನೇ ಕಣ್ಣು ಕೀಳದೆ ನೋಡುತ್ತಿದ್ದ. "ಅಣ್ಣೋ, ನಮ್ಮವ್ವನಾಣೆ ನಂಗೂ ಗೊತ್ತಿಲ್ಲ ಕಣ. ಇವತ್ತೇ ನೋಡ್ತಾ ಇರೋದು."

ಅಷ್ಟು ವರ್ಷದ ಮೇಲೆ ಅವರಿಬ್ಬರೂ ಆಡಿಕೊಂಡ ಮೊದಲ ಮಾತು ಅದೇ ಇರಬೇಕು. ನಾನು ಕಾಗದ ಕಿತ್ತುಕೊಂಡು, ಇದು ನಿಮ್ಮ ಜಮೀನಲ್ಲ, ಚೆಂಡಿನಾಟ, ಈ ಸುತ್ತುಗಳು ಚೆಂಡು, ಈ ಚುಕ್ಕೆಗಳು ಚೆಂಡು ಬೀಳುವ ಗುಂಡಿ ಎಂದು ಬಿಡಿಸಿ ಹೇಳಿದೆ. ಅಣ್ಣನಿಗೆ ಸಮಾಧಾನವಾಯಿತು. ತಮ್ಮನ ಮುಖ ಮಾತ್ರ ಸಪ್ಪಗಾಯಿತು.

"ಅಂಗಾರೆ ಸಾ, ಆರರಲ್ಲಿ ಒಂದಾರೂ ಬೋರ್‌ವೆಲ್ ಇಲ್ವಾ?"

೩. ಉಪ್ಪು

ಪುಸ್ತಕದ ನಾಲ್ಕನೇ ಅಧ್ಯಾಯ ಮುಖದ ಬಗ್ಗೆ. ಎದುರಾಳಿ ಆಡುವಾಗ ನಾವು ಕುರ್ಚಿಯಲ್ಲಿ ಅಲ್ಲಾಡದೆ ಕೂತಿರಬೇಕಂತೆ. ಅವನು ಎಂಥ ಹೊಡೆತ ಹೊಡೆದರೂ ಸಂತೋಷ ದುಃಖ ಯಾವುದೂ ಮುಖದಲ್ಲಿ ಕಾಣಬಾರದಂತೆ. ಇದಕ್ಕೆ ದಿನವೂ ಸಾಧನೆ ಬೇಕು ಎಂದಿತ್ತು. ನಾನು ಮನೆಯಲ್ಲೇ ಶುರು ಮಾಡಿದೆ.

"ಸಾರು ಹೆಂಗಿದೆ?" ಅಂದಳು ಹೆಂಡತಿ.

ನಾನು ಮುಖ ಕಲ್ಲು ಮಾಡಿಕೊಂಡು ಉಂಡೆ.

ಮರುದಿನ ಸಾರಿಗೆ ಉಪ್ಪಿರಲಿಲ್ಲ. ಬೇಕೆಂದೇ ಹಾಕಿಲ್ಲ ಎಂದು ಮೊದಲ ತುತ್ತಿಗೇ ಗೊತ್ತಾಯಿತು. ಆದರೂ ಹುಬ್ಬು ಕೂಡ ಅಲ್ಲಾಡಿಸಲಿಲ್ಲ. ಮೂರನೇ ದಿನ ಹುಳಿಯೂ ಇರಲಿಲ್ಲ. ನಾಲ್ಕನೇ ದಿನ ಬಿಸಿನೀರಿಗೆ ಒಗ್ಗರಣೆ ಹಾಕಿ ಬಡಿಸಿದಳೆಂದು ನನ್ನ ಅನುಮಾನ. ಅದನ್ನೂ ಎರಡು ಸಲ ಹಾಕಿಸಿಕೊಂಡು ಮುದ್ದೆ ನುಂಗಿದೆ. ಅವಳು ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ನನಗೂ ಹಟ, ಅವಳಿಗೂ ಹಟ.

ಭಾನುವಾರ ಗೋಡೌನಿನಲ್ಲಿ ಅದೇ ಮುಖ ಹೊತ್ತು ಕುರ್ಚಿಯಲ್ಲಿ ಕೂತೆ. ಎದುರಾಳಿ ಹೆದರುತ್ತಾನೆ ಎಂದು ಪುಸ್ತಕ ಹೇಳಿತ್ತು. ಹೆದರಿದ್ದು ನಿಜ. ಗೊಬ್ಬರದ ಯಜಮಾನರು ಆಟ ಅರ್ಧಕ್ಕೇ ನಿಲ್ಲಿಸಿ, ಮೂಲೆಗೆ ಹೋಗಿ ನಮ್ಮ ಮನೆಗೆ ಫೋನ್ ಮಾಡಿದರು.

"ಅಮ್ಮಾ, ಸಾರು ಇಲ್ಲಿ ಮಾತೂ ಇಲ್ಲ ಕತೆಯೂ ಇಲ್ಲ, ಗರ ಬಡಿದಂಗೆ ಕೂತವ್ರೆ. ಬಿಪಿ ಗಿಪಿ ಏನಾರ ಐತಾ? ಮಾತ್ರೆ ತರಿಸ್ಲಾ?"

ಸ್ಪೀಕರ್ ಆನ್ ಆಗಿತ್ತು. ಹೆಂಡತಿಯ ಧ್ವನಿ ಇಡೀ ಗೋಡೌನಿಗೆ ಕೇಳಿಸಿತು.

"ಮಾತ್ರೆ ಬೇಡಣ್ಣ, ಒಂದು ಚಿಟಿಕೆ ಉಪ್ಪು ಕೊಡಿ, ಸರಿಹೋಗ್ತಾರೆ."

೪. ಬೇಕೆಂದೇ ಮಾಡಿದ ತಪ್ಪು

ಕೇರಳದ ಬತ್ತೇರಿಯಿಂದ ಟೊಮೆಟೊ, ಚೆಂಡುಹೂವು ಕೊಳ್ಳಲು ನಮ್ಮೂರಿಗೆ ಬರುವ ಒಬ್ಬ ಮಲಯಾಳಿ ವ್ಯಾಪಾರಿ ಇದ್ದಾರೆ. ಲಾರಿ ತುಂಬುವವರೆಗೆ ಗೋಡೌನಿಗೆ ಬಂದು ಒಂದು ಕೈ ನೋಡುತ್ತಾರೆ. ಮನುಷ್ಯ ತುಂಬಾ ಮರ್ಯಾದಸ್ಥ. ಆ ಮರ್ಯಾದೆಯೇ ನನಗೆ ಮುಳುವಾಯಿತು.

ಪುಸ್ತಕದಲ್ಲಿ ಒಂದು ಗುಟ್ಟಿನ ಉಪಾಯ ಇದೆ. ನಮ್ಮ ಸರದಿಯಲ್ಲಿ ಹೊಡೆಯಲು ಏನೂ ಒಳ್ಳೆಯದಿಲ್ಲದಿದ್ದರೆ, ಎದುರಾಳಿಗೆ ದಾರಿ ಮಾಡಿಕೊಡುವ ಬದಲು, ಬೇಕೆಂದೇ ತಪ್ಪು ಮಾಡಬೇಕು. ಬಿದ್ದ ಬಿಳಿ ಚೆಂಡನ್ನು ಮೇಜಿನ ಆಚೆ ತುದಿಯಿಂದಲೇ ಮತ್ತೆ ಹೊಡೆಯಬೇಕಾದ್ದರಿಂದ ಎದುರಾಳಿಗೆ ಗುರಿ ಕಷ್ಟವಾಗುತ್ತದೆ. ಒಂದು ಚೆಂಡು ದಂಡ ಹೋಗುತ್ತದೆ, ನಾಲ್ಕು ಉಳಿಯುತ್ತವೆ. ಓದಿದಾಗ ನನಗೆ ಮೈ ಜುಮ್ಮೆಂದಿತು. ಇಂಥದ್ದು ಈ ಊರಿನಲ್ಲಿ ಯಾರಿಗೂ ಹೊಳೆಯಲು ಸಾಧ್ಯವಿಲ್ಲ ಎಂದುಕೊಂಡೆ.

ಮರುವಾರವೇ ಸಮಯ ಬಂತು. ವ್ಯಾಪಾರಿಯ ಮೂಲೆಯಲ್ಲಿ ನಾಲ್ಕು ಚೆಂಡು ಬೀಳಲು ಕಾದು ನಿಂತಿದ್ದವು. ನಾನು ಬಿಳಿ ಚೆಂಡನ್ನು ಅವುಗಳ ಹತ್ತಿರಕ್ಕೂ ಕಳಿಸದೆ, ಸಮಾಧಾನವಾಗಿ ದೂರದ ಪಾಕೆಟ್ಟಿಗೆ ಬೀಳಿಸಿ ಎದೆ ಸೆಟೆಸಿ ನಿಂತೆ.

ವ್ಯಾಪಾರಿ ಆ ಚೆಂಡನ್ನು ಪಾಕೆಟ್ಟಿನಿಂದ ತೆಗೆದು, ಒರೆಸಿ, ಅದಿದ್ದ ಜಾಗದಲ್ಲೇ ಇಟ್ಟರು. "ಪರವಾಗಿಲ್ಲ ಸಾರೇ. ಕೈ ಜಾರಿತು. ಇನ್ನೊಮ್ಮೆ ಹೊಡೀರಿ."

"ಕೈ ಜಾರಲಿಲ್ಲ. ಇದೇ ನನ್ನ ಹೊಡೆತ."

"ಅಯ್ಯೋ, ನೀವು ದೊಡ್ಡವರು. ನಾನು ಅದನ್ನೆಲ್ಲ ಹಿಡಿಯೋದಿಲ್ಲ."

ಮತ್ತೆ ಬೀಳಿಸಿದೆ. ಮತ್ತೆ ತೆಗೆದಿಟ್ಟರು. ಮೂರನೇ ಸಲಕ್ಕೆ ನೋಡುತ್ತಿದ್ದವರೆಲ್ಲ ಲೊಚಗುಟ್ಟಿದರು. ಒಬ್ಬರು ನಮ್ಮ ವಯಸ್ಸಿಗೆ ಕಣ್ಣು ತೋರಿಸಿಕೊಳ್ಳುವುದು ಒಳ್ಳೆಯದು ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಪುಸ್ತಕ, ಗುಟ್ಟು ಎಲ್ಲ ಮರೆತು ಕೂಗಿದೆ: "ನಾನು ತಪ್ಪು ಮಾಡಿದ್ದು ಬೇಕೂಂತಲೇ! ಗೊತ್ತಿದ್ದೂ ಗೊತ್ತಿದ್ದೂ ಮಾಡಿದೆ!"

ಗೊಬ್ಬರದ ಯಜಮಾನರು ಓಡಿಬಂದು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ದರು.

"ಸರ್ಕಾರಿ ಕೆಲಸದಲ್ಲಿರೋರು ಇಂಥದ್ದನ್ನೆಲ್ಲ ಹಿಂಗೆ ನಾಲ್ಕು ಜನರ ಮುಂದೆ ಒಪ್ಕೋಬಾರದು ಸಾರ್."

೫. ರಸಮಟ್ಟ

ಹೀಗೆ ಹನ್ನೊಂದು ತಿಂಗಳು ಕಳೆದವು. ಒಂದು ಆಟವೂ ಗೆಲ್ಲಲಿಲ್ಲ. ಯುಗಾದಿಗೆ ಮೂರು ವಾರವಿತ್ತು. ಮನೆಯಲ್ಲಿ ಹೆಂಡತಿ ಹಂಡೆ ಒಲೆಯ ಬೂದಿ ತೆಗೆದು ಚೊಕ್ಕಟ ಮಾಡುವಾಗೆಲ್ಲ ನನ್ನ ಪುಸ್ತಕದ ಕಡೆ ಒಂದು ನೋಟ ಬೀರುತ್ತಿದ್ದಳು.

ನನಗೊಂದು ಅನುಮಾನ ಹುಟ್ಟಿತು. ನಾನು ಮೆಲ್ಲಗೆ ಬಿಟ್ಟ ಚೆಂಡು ನನ್ನ ಮೂಲೆಯ ಬಾಗಿಲವರೆಗೆ ಹೋಗಿ, ಏನೋ ನೆನಪಾದಂತೆ ಪಕ್ಕಕ್ಕೆ ಸರಿದು ಎದುರಾಳಿಯ ಕಡೆ ನಡೆಯುತ್ತಿತ್ತು. ಒಂದು ಸಲ ಆದರೆ ಹೊಡೆತದ ದೋಷ ಅನ್ನಬಹುದು. ಹನ್ನೊಂದು ತಿಂಗಳು ಹೀಗೆಯೇ ಆದರೆ? ಒಂದು ಭಾನುವಾರ ಮಟ್ಟ ನೋಡುವ ರಸಮಟ್ಟವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ, ಯಾರೂ ಬರುವ ಮೊದಲೇ ಮೇಜಿನ ಮೇಲೆ ಇಟ್ಟು ನೋಡಿದೆ. ಗಾಜಿನ ಕೊಳವೆಯ ಗುಳ್ಳೆ ನಡುವೆ ನಿಲ್ಲದೆ ಒಂದು ತುದಿಗೆ ಹೋಗಿ ಕೂತಿತು. ಮೇಜು ಎಡಮೂಲೆಗೆ ಇಳಿಜಾರಾಗಿತ್ತು.

ಬಲಗೈಯವನು ಬಲಮೂಲೆ ಆರಿಸಿಕೊಳ್ಳುವುದು ಉತ್ತಮ ಎಂದು ಪುಸ್ತಕದಲ್ಲಿ ಬರೆದಿತ್ತು. ಯಾವ ಮೂಲೆ ಬೇಕು ಸಾರ್ ಎಂದು ಪ್ರತಿ ವಾರ ಎಲ್ಲರೂ ಎಷ್ಟು ವಿನಯದಿಂದ ನನ್ನನ್ನೇ ಮೊದಲು ಕೇಳುತ್ತಿದ್ದರು! ಪ್ರತಿ ವಾರವೂ ನಾನು ಬಲಮೂಲೆ ಅನ್ನುತ್ತಿದ್ದೆ.

ಯಜಮಾನರು ಬಂದೊಡನೆ ಕೇಳಿದೆ. "ಇದೇನ್ರೀ ಇದು? ಮೇಜು ವಾಲಿದೆ!"

"ವಾಲಿಲ್ಲ ಸಾರ್, ನಾನೇ ವಾಲಿಸಿರೋದು" ಅಂದರು ನೆಮ್ಮದಿಯಾಗಿ. "ಆ ಎಡಮೂಲೆ ಈಶಾನ್ಯ. ಅಂಗಡಿ ವಾಸ್ತು ನೋಡಿದೋರು ಹೇಳವ್ರೆ, ಗೋಡೌನಲ್ಲಿ ಭಾರದ್ದು ಏನೇ ಇಟ್ರೂ ನೈರುತ್ಯ ಎತ್ತರ ಇರ್ಬೇಕು, ಈಶಾನ್ಯ ತಗ್ಗಿರ್ಬೇಕು ಅಂತ. ನೈರುತ್ಯದ ಕಾಲಿಗೆ ಎರಡು ಹಲಗೆ ಕೊಟ್ಟಿದೀನಿ. ಬಂದ್ ಮೊದಲನೇ ವಾರದಲ್ಲೇ ಎಲ್ರಿಗೂ ಗೊತ್ತಾಯ್ತು."

"ಎಲ್ಲರಿಗೂ ಗೊತ್ತಿತ್ತಾ? ಮತ್ತೆ ನನಗ್ಯಾಕೆ ಒಬ್ಬರೂ ಹೇಳಲಿಲ್ಲ?"

ಯಜಮಾನರು ಕೈ ಕಟ್ಟಿ ನಿಂತರು. "ನೀವು ಸರ್ವೆಯೋರು ಸಾರ್. ನೆಲದ ಮಟ್ಟ ನಿಮಗೆ ನಾವು ಹೇಳಿಕೊಡೋದಾ? ಅಷ್ಟು ಅಹಂಕಾರ ನಮಗಿಲ್ಲ."

೬. ಬದುವಿನ ಆಟ

ಅಂದಿನಿಂದ ಮೂಲೆಗೆ ಚೀಟಿ ಎತ್ತುವ ಪದ್ಧತಿ ಬಂತು. ಚೀಟಿ ಎತ್ತುವುದರಲ್ಲೂ ನಾನೇ ಸೋತೆ. ಕೊನೆಗೆ ಯುಗಾದಿಯ ಹಿಂದಿನ ಭಾನುವಾರ ಬಂತು. ಬೆಳಿಗ್ಗೆ ಹೊರಡುವಾಗ ಹೆಂಡತಿ ಪುಸ್ತಕವನ್ನು ಕೈಯಲ್ಲಿ ಹಿಡಿದು ತೂಕ ನೋಡಿದಳು. "ಒಳ್ಳೇ ದಪ್ಪ ಇದೆ. ಹಬ್ಬದ ಎಣ್ಣೆಸ್ನಾನಕ್ಕೆ ಇಬ್ಬರಿಗೂ ನೀರು ಕಾಯುತ್ತೆ" ಅಂದಳು.

ಗೋಡೌನಿಗೆ ಹೋದರೆ ಅಲ್ಲಿ ಉಮ್ಮತ್ತೂರಿನ ಒಬ್ಬ ಮುದುಕರು ಮೂಟೆಯ ಮೇಲೆ ಕೂತಿದ್ದರು. ಮರುದಿನ ಸೋಮವಾರ ಅವರ ಹೊಲದ ಹದ್ದು ಗುರುತಿಸಲು ನಾನೇ ಹೋಗಬೇಕಿತ್ತು. ಪಕ್ಕದ ಹೊಲದವನು ಅರ್ಜಿ ಕೊಟ್ಟಿದ್ದ, ಮುದುಕರು ವರ್ಷವರ್ಷವೂ ಬದು ಒತ್ತುತ್ತಾ ಬಂದಿದ್ದಾರೆ ಎಂದು. ಮುದುಕರು ಗುಂಡ್ಲುಪೇಟೆಯ ಮಗಳ ಮನೆಗೆ ಬಂದವರು, ನನ್ನ ಮುಖ ಪರಿಚಯ ಮಾಡಿಕೊಂಡು ಹೋಗಲು ಕಾದಿದ್ದರು.

"ನಾಳೆ ಬರ್ತೀರಲ್ಲ ಸಾ?"

"ಬರ್ತೀನಿ."

"ಹಂಗಾರೆ ಸರಿ." ಎದ್ದವರು ಮೇಜಿನ ಕಡೆ ನೋಡಿ ನಿಂತರು. "ಇದೇನ್ ಸಾ ಇದು?"

ನನ್ನ ತಲೆಯಲ್ಲಿ ಒಂದು ಕೆಟ್ಟ ಯೋಚನೆ ಬಂತು. ಇವರು ಕೋಲು ಹಿಡಿದವರಲ್ಲ. ಮೇಜಿನ ಗುಟ್ಟು ಗೊತ್ತಿಲ್ಲ. ಯಾರ ಮೇಲಾದರೂ ಸರಿ, ಒಂದು ಆಟ ಗೆಲ್ಲಬೇಕು ಎಂದಷ್ಟೇ ತಾನೆ ಹೆಂಡತಿ ಹೇಳಿದ್ದು? ಕೂರಿಸಿಕೊಂಡು ಆಟ ವಿವರಿಸಿದೆ. ಈಶಾನ್ಯದ ಮೂಲೆಯನ್ನು ನಾನೇ ಇಟ್ಟುಕೊಂಡೆ. ಚೀಟಿಯ ಮಾತೆತ್ತಲಿಲ್ಲ. ಗೊಬ್ಬರದ ಯಜಮಾನರು ನನ್ನನ್ನೊಮ್ಮೆ ನೋಡಿ ಕೆಮ್ಮಿದರು. ನಾನು ನಾಲ್ಕನೇ ಅಧ್ಯಾಯದ ಮುಖ ಹಾಕಿಕೊಂಡೆ.

ಮುದುಕರು ಮೂರೇ ಪ್ರಶ್ನೆ ಕೇಳಿದರು. "ನನ್ ಮೂಲೆಗ್ ಬಂದದ್ದು ನಂದು, ಅಲ್ವಾ? ಜೋರಾಗ್ ಒಡೀಲೇಬೇಕು ಅಂತ ಇಲ್ಲ, ಅಲ್ವಾ? ಬ್ಯಾಗ ಮುಗೀಬೇಕು ಅಂತಾನೂ ಇಲ್ಲ, ಅಲ್ವಾ?"

ಆಮೇಲೆ ಆಟ ಶುರುವಾಯಿತು. ಅವರು ಒಂದು ಸಲವೂ ಹೊಡೆಯಲಿಲ್ಲ. ಬಿಳಿ ಚೆಂಡಿನಿಂದ ಸುಮ್ಮನೆ ಮುಟ್ಟಿಸುತ್ತಿದ್ದರು. ಯಾವುದೋ ಒಂದು ಚೆಂಡು ನಾಲ್ಕು ಬೆರಳಿನಷ್ಟು ಅವರ ಕಡೆಗೆ ಸರಿಯುತ್ತಿತ್ತು. ನಾನು ಪುಸ್ತಕ ನೆನೆದು ಅದನ್ನು ದೂರ ಕಳಿಸುತ್ತಿದ್ದೆ, ಅವರು ಅವಸರವಿಲ್ಲದೆ ಮತ್ತೆ ನಾಲ್ಕು ಬೆರಳು ಸರಿಸುತ್ತಿದ್ದರು. ಒಂದು ಗಂಟೆ ಕಳೆದರೂ ಆಟ ನಡೆಯುತ್ತಲೇ ಇತ್ತು. ಮೂಟೆಗೆ ಒರಗಿದ್ದವರೆಲ್ಲ ಎದ್ದುಬಂದು ಮೇಜಿನ ಸುತ್ತ ನಿಂತರು. ಇಳಿಜಾರು ನನ್ನ ಕಡೆ ಇದ್ದೂ ಏಳಕ್ಕೆ ಏಳು ಸಮ ಆಯಿತು. ಮೇಜಿನ ಮೇಲೆ ಉಳಿದದ್ದು ಒಂದೇ ಚೆಂಡು. ಅದನ್ನು ಬೀಳಿಸಿದವನು ಗೆದ್ದ.

"ಎಲ್ಲಿ ಕಲಿತ್ರಿ ಯಜಮಾನ್ರೇ ಇದನ್ನ?" ಮುದುಕರನ್ನು ಕೇಳದೆ ಇರಲಾಗಲಿಲ್ಲ.

"ಇದ್ರಲ್ಲಿ ಕಲಿಯಾದು ಏನೈತೆ ಸಾ? ಬದು ಅತ್ರ ಜೋರು ಮಾಡ್ಬಾರ್ದು. ಜೋರ್ ಮಾಡಿದ್ರೆ ಪಕ್ಕದೋನ್ಗೆ ಗೊತ್ತಾಗೋಯ್ತದೆ." ಅಂದವರು ನನ್ನ ಮುಖ ನೋಡಿ, "ಬೇರೆಯೋರು ಮಾಡಾದ್ ಏಳಿದ್ದು" ಎಂದು ಸೇರಿಸಿದರು.

ಮುನ್ನೂರು ಪುಟದ ಪುಸ್ತಕದಲ್ಲಿ ಇದ್ದದ್ದು ಇಷ್ಟೇ ಎಂದು ನನಗೆ ಆಗ ಹೊಳೆಯಿತು.

ಸರದಿ ಅವರದು. ಕೊನೆಯ ಚೆಂಡು ಅವರ ಮೂಲೆಯ ಬಾಯಲ್ಲೇ ಇತ್ತು. ಊದಿದರೆ ಬೀಳುತ್ತಿತ್ತು. ಅವರು ಬಗ್ಗಿದರು. ಏನೋ ನೆನಪಾದಂತೆ ನೆಟ್ಟಗಾದರು. ನನ್ನನ್ನು ನೋಡಿ ನಕ್ಕರು. ಬಿಳಿ ಚೆಂಡನ್ನು ಬೇಕೆಂದೇ ಪಕ್ಕದ ಪಾಕೆಟ್ಟಿಗೆ ತಳ್ಳಿದರು.

"ನೀವೇ ಗೆಲ್ಲಿ ಸಾ. ನಾಳೀಕ್ ನಮ್ ಹೊಲಕ್ ಬರೋರು ನೀವು."

ಇಷ್ಟನ್ನೂ ಇಡೀ ಗೋಡೌನು ಕೇಳಿಸಿಕೊಂಡಿತು. ಇಷ್ಟು ವರ್ಷದ ಸರ್ವೀಸಿನಲ್ಲಿ ಅಳೆಯಲು ಹೋದ ಹೊಲದಲ್ಲಿ ಒಂದು ಎಳನೀರು ಕುಡಿದವನಲ್ಲ ನಾನು. ಈಗ ಈ ಆಟ ಗೆದ್ದರೆ ನಾಳೆ ಮಧ್ಯಾಹ್ನದೊಳಗೆ ಉಮ್ಮತ್ತೂರಿನಲ್ಲಿ ಸುದ್ದಿಯಾಗುತ್ತದೆ, ಸರ್ವೆಯವರು ಲಂಚಕ್ಕೆ ಒಂದು ಆಟ ತಗೊಂಡರಂತೆ ಎಂದು. ಗೆಲ್ಲದಿದ್ದರೆ ಪುಸ್ತಕ ಒಲೆಗೆ, ನಾನು ಟೇಪಿಗೆ. ಆದರೂ ಮನಸ್ಸು ಗಟ್ಟಿ ಮಾಡಿ ನಾನೂ ಬಿಳಿ ಚೆಂಡನ್ನು ಪಾಕೆಟ್ಟಿಗೆ ತಳ್ಳಿದೆ. ಇಬ್ಬರದೂ ಒಂದೊಂದು ಚೆಂಡು ದಂಡ ಹೋಗಿ ಮೇಜಿಗೆ ವಾಪಸ್ಸು ಬಂತು. ಆರಕ್ಕೆ ಆರು.

"ಅಯ್ಯೋ, ನಮ್ ಮಾತು ತಗ್ದಾಕ್ಬ್ಯಾಡಿ ಸಾ" ಅಂದರು ಮುದುಕರು. ಮತ್ತೆ ತಳ್ಳಿದರು. ನಾನೂ ತಳ್ಳಿದೆ. ಐದಕ್ಕೆ ಐದು. ಅವರು ತಳ್ಳಿದರು, ನಾನು ತಳ್ಳಿದೆ. ನಾಲ್ಕಕ್ಕೆ ನಾಲ್ಕು. ಗೊಬ್ಬರದ ಯಜಮಾನರು ಬೋರ್ಡಿನ ಮೇಲೆ ಅಂಕಿ ಅಳಿಸಿ ಅಳಿಸಿ ಬರೆದು ಸುಸ್ತಾದರು. ಬತ್ತೇರಿಯ ವ್ಯಾಪಾರಿ ಲಾರಿ ಮರೆತು ನಿಂತಿದ್ದವರು ಮೆಲ್ಲಗೆ ಕೇಳಿದರು: "ಸಾರೇ, ಇದೂ ಪುಸ್ತಕದಲ್ಲಿ ಉಂಟಾ?"

ದಂಡದ ಚೆಂಡುಗಳನ್ನೆಲ್ಲ ನಮ್ಮ ಎರಡು ಮೂಲೆಗಳ ನಡುವೆ ಇಡುತ್ತಿದ್ದುದರಿಂದ ಅಲ್ಲಿ ಜಾತ್ರೆಯಷ್ಟು ಗುಂಪಾಗಿತ್ತು. ಮುದುಕರ ಸರದಿ ಬಂತು. ಈ ಸಲ ಅವರು ತಳ್ಳಿದ ಬಿಳಿ ಚೆಂಡು ಪಾಕೆಟ್ಟಿಗೆ ಹೋಗುವ ದಾರಿಯಲ್ಲಿ ಆ ಗುಂಪಿಗೆ ತಗುಲಿತು. ಗುಂಪು ಒಡೆಯಿತು. ಒಂದು ಚೆಂಡು ಸಾವಕಾಶವಾಗಿ ಈಶಾನ್ಯದ ಕಡೆ ನಡೆಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ನಾನು ಬೇಡ ಬೇಡ ಎಂದು ಕೈ ಅಡ್ಡ ಚಾಚುವಷ್ಟರಲ್ಲಿ ಟಪ್, ಟಪ್, ಟಪ್. ನಾಲ್ಕನೆಯದು ಬಾಯಲ್ಲಿ ನಿಂತು ಯೋಚಿಸಿ ಬಿತ್ತು.

ನನ್ನ ಮೂಲೆಗೆ ಬಿದ್ದದ್ದು, ಯಾರು ಹೊಡೆದರೂ ನನ್ನದೇ. ನಾಲ್ಕು ಮತ್ತು ನಾಲ್ಕು, ಎಂಟು. ಹನ್ನೊಂದು ತಿಂಗಳ ಮೇಲೆ ನಾನು ಗೆದ್ದಿದ್ದೆ, ಅದೂ ಕೋಲು ಕೆಳಗಿಟ್ಟು ನಿಂತಿದ್ದಾಗ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮುದುಕರು.

ಸೋಮವಾರ ಉಮ್ಮತ್ತೂರಿಗೆ ಹೋದೆ. ಹೊಲದಲ್ಲಿ ಅರ್ಧ ಊರು ನೆರೆದಿತ್ತು, ಸುದ್ದಿ ನನಗಿಂತ ಮೊದಲೇ ಬಸ್ಸಿಳಿದಿತ್ತು. ನಾನು ಯಾರ ಮುಖವನ್ನೂ ನೋಡದೆ ಅಳೆದೆ. ಎರಡು ಸಲ ಅಳೆದೆ. ಹದ್ದಿನ ಕಲ್ಲು ಪಕ್ಕದವನ ಹೊಲದೊಳಗೆ ಮೂರು ಗಜ ಬಂದು ಕೂತಿತ್ತು. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಕೇಳಿದೆ.

"ಯಜಮಾನ್ರೇ, ಈ ಕಲ್ಲು ಇಲ್ಲಿಗೆ ಹೇಗೆ ಬಂತು?"

ಮುದುಕರು ಒಂದಿಷ್ಟೂ ಅಳುಕಲಿಲ್ಲ. "ನಾನ್ ಮುಟ್ಟಿಲ್ಲ ಸಾ. ನೆನ್ನೆ ಆ ಚೆಂಡುಗಳು ನಿಮ್ ಮೂಲೆಗೆ ಎಂಗ್ ಬಂದ್ವೋ, ಇದೂ ಅಂಗೇ ಬಂತು. ನೆಲ ಇಳಿಜಾರು."

ಊರೆಲ್ಲ ನಕ್ಕಿತು. "ಅಂದ್ರೆ ಮೇಜು ಇಳಿಜಾರು ಅಂತ ನಿಮಗೆ ಗೊತ್ತಿತ್ತಾ?" ಎಂದು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

"ನಲವತ್ ವರ್ಸ ಗದ್ದೆಗ್ ನೀರ್ ಕಟ್ಟೋನು ಸಾ ನಾನು. ನೋಡ್ತಿದ್ದಂಗೇ ಗೊತ್ತಾಯ್ತು. ನಿಮ್ ಕಷ್ಟ ಏನೋ ಅಂತ ಸುಮ್ಕಾದೆ." ಅಂದವರೇ ತಾವಾಗಿಯೇ ಹಾರೆ ತರಿಸಿ, ಕಲ್ಲು ಕೀಳಿಸಿ, ನಾನು ತೋರಿಸಿದ ಜಾಗದಲ್ಲಿ ನೆಡಿಸಿದರು.

ಆ ಸಂಜೆ ಹೆಂಡತಿಗೆ ಒಂದೂ ಬಿಡದೆ ಎಲ್ಲ ಹೇಳಿದೆ. ಮುಚ್ಚಿಡಲು ಮನಸ್ಸು ಬರಲಿಲ್ಲ, ಮುಚ್ಚಿಟ್ಟರೂ ಉಮ್ಮತ್ತೂರಿಗೂ ಹರವೆಗೂ ಎಷ್ಟು ದೂರ? ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಪುಸ್ತಕವನ್ನು ಒಲೆಗೆ ಹಾಕಲಿಲ್ಲ, ಕಪಾಟಿನಲ್ಲಿ ಇಟ್ಟಳು. ನನಗೆ ಧೈರ್ಯ ಬಂತು.

ಯುಗಾದಿ ಕಳೆದು ಭಾನುವಾರ ಬಂತು. ನಾನು ಗೋಡೌನಿಗೆ ಹೊರಡಲು ಅಂಗಿ ಹಾಕಿಕೊಂಡು ಹೊರಗೆ ಬಂದರೆ ಅವಳು ಸೀರೆ ಉಟ್ಟು, ಚೀಲ ಹಿಡಿದು, ಬಾಗಿಲಿಗೆ ಅಡ್ಡ ನಿಂತಿದ್ದಳು.

"ಎಲ್ಲಿಗೆ? ಗೆದ್ದಿದೀನಲ್ಲ" ಅಂದೆ.

"ಗೆದ್ದಿದ್ದು ಮೇಜು. ಭಾನುವಾರ ಬೇಕಾದ್ರೆ ಅದಕ್ಕೆ ರಜಾ ಕೊಡೋಣ. ನೀವು ಚಪ್ಪಲಿ ಹಾಕ್ಕೊಳ್ಳಿ, ಅಪ್ಪ ಬೆಳಿಗ್ಗೆಯಿಂದ ಟೇಪು ಹಿಡ್ಕೊಂಡು ನಿಂತಿದಾರಂತೆ."